ಬೆನ್ನು ತಿರುಗಿಸಿ ಕೇಳಿದ ಸದ್ದು

ಕಂದಿಕೆರೆಯ ಪುಟ್ಟಗಂಗಮ್ಮನವರ ಅಟ್ಟದಲ್ಲಿ ಒಂದು ಕಟ್ಟಳೆ ಇದೆ. ಕಾಯಿ ಅಲ್ಲಾಡಿಸುವವರು ತೀರ್ಪು ಹೇಳುವಂತಿಲ್ಲ.

ಸಿಪ್ಪೆ ಸಮೇತ ಅಟ್ಟ ಏರಿದ ತೆಂಗಿನಕಾಯಿ ಹೆಚ್ಚುಕಡಿಮೆ ಒಂದು ವರ್ಷ ಅಲ್ಲೇ ಅರೆಗತ್ತಲಲ್ಲಿ ಮಲಗಿರುತ್ತದೆ. ಮೊದಮೊದಲು ಅಲ್ಲಾಡಿಸಿದರೆ ಒಳಗಿನ ನೀರು ಮಾತಾಡುತ್ತದೆ. ಆಮೇಲೆ ನೀರು ಆರಿಹೋಗಿ, ತಿರುಳು ಮಾತ್ರ ಚಿಪ್ಪನ್ನು ಬಿಡದೆ ಹಿಡಿದುಕೊಂಡು, ಕಾಯಿ ಬಹಳ ಕಾಲ ಮೂಕವಾಗಿರುತ್ತದೆ. ಕೊನೆಗೆ ತಿರುಳು ತಾನಾಗಿ ಬಿಡಿಸಿಕೊಂಡು ಒಣ ಉಂಡೆಯಾಗಿ ಒಳಗೇ ಉರುಳುತ್ತದೆ. ಆ ಸದ್ದು ಕೇಳಿದ ಮೇಲಷ್ಟೇ ಕಾಯಿಯನ್ನು ಕೆಳಗಿಳಿಸಬೇಕು. ಮೊದಲೇ ಒಡೆದರೆ ಹಸಿ ತಿರುಳು ಸಿಗುತ್ತದೆ, ಉಂಡೆ ಕೊಬ್ಬರಿ ಸಿಗುವುದಿಲ್ಲ. ಒಡೆದ ಕಾಯಿಯನ್ನು ಮತ್ತೆ ಅಟ್ಟಕ್ಕೆ ಏರಿಸುವ ಉಪಾಯ ಇದುವರೆಗೆ ಯಾರಿಗೂ ಗೊತ್ತಿಲ್ಲ.

ಅದಕ್ಕೇ ಆ ಮನೆಯಲ್ಲಿ ಇಬ್ಬರು ಬೇಕು. ಒಬ್ಬರು ಕಾಯಿ ಅಲ್ಲಾಡಿಸುತ್ತಾರೆ. ಇನ್ನೊಬ್ಬರು ಅವರಿಗೆ ಬೆನ್ನು ಮಾಡಿ ಕೂತು, 'ಆಯ್ತು' ಅಥವಾ 'ಇಲ್ಲ' ಅನ್ನುತ್ತಾರೆ. ಬೆನ್ನು ಮಾಡಿದವರಿಗೆ ಕಾಯಿಯ ಬಣ್ಣ ಕಾಣುವುದಿಲ್ಲ, ಅಲ್ಲಾಡಿಸುವವರ ಮುಖ ಕಾಣುವುದಿಲ್ಲ. ಕೇಳಿಸಿದ್ದಷ್ಟೇ ಅವರ ಪಾಲು.

ಶಶಿರೇಖಾ ಬೆಳೆದದ್ದು ಕಾಳಕ್ಕನಿಗೆ ಬೆನ್ನು ಮಾಡಿ ಕೂತ ಆ ಕಿವಿಯಾಗಿ. ಕಾಳಕ್ಕ ಅವಳ ತಾಯಿ. ಕಂದಿಕೆರೆಯ ಮಗ್ಗುಲಿನ ಹಟ್ಟಿಯವರು. ತಂದೆ ಜುಂಜಯ್ಯ ಕುರಿ ಮಂದೆಯನ್ನು ತೋಟದಿಂದ ತೋಟಕ್ಕೆ ಹೊಡೆದುಕೊಂಡು ಹೋಗಿ, ತೆಂಗಿನ ಬುಡಗಳಿಗೆ ಗೊಬ್ಬರವಾಗಲೆಂದು ಅಲ್ಲಲ್ಲಿ ತಂಗಿಸುತ್ತಿದ್ದ. ಪುಟ್ಟಗಂಗಮ್ಮನವರ ತೋಟಕ್ಕೆ ಹಾಗೆ ಬಂದ ಮಂದೆಯ ಜೊತೆಗೇ ಕಾಳಕ್ಕನೂ ಬಂದು, ಆ ಮನೆಯ ಕೊಬ್ಬರಿ ಕೆಲಸಕ್ಕೆ ಸೇರಿಕೊಂಡಳು. ಮಗಳು ಶಾಲೆ ಬಿಟ್ಟ ಮೇಲೆ ನೇರ ಅಟ್ಟಕ್ಕೇ ಬರುತ್ತಿದ್ದಳು.

ಒಮ್ಮೆ ಆಟಕ್ಕೆ ಹೋಗುವ ಆತುರದಲ್ಲಿ ತಾನೇ ಅಲ್ಲಾಡಿಸಿ ತಾನೇ 'ಆಯ್ತು' ಅಂದುಬಿಟ್ಟಿದ್ದಳಂತೆ. ಒಡೆದರೆ ಒಳಗೆಲ್ಲ ಹಸಿ. ಪುಟ್ಟಗಂಗಮ್ಮ ಬೈಯಲಿಲ್ಲ. ಹಸಿ ತಿರುಳನ್ನು ಅವಳ ಕೈಗೇ ಕೊಟ್ಟು ತಿನ್ನಲು ಹೇಳಿದರು.

"ರುಚಿಯಾಗಿ ಅದಾ?"

"ಹೂಂ ಅಜ್ಜಿ."

"ರುಚಿಯಾಗೇ ಇರ್ತದೆ. ಅದ್ಕೇ ಆಸೆ ಇರೋಳ ಕಿವಿ ನಂಬಬಾರ್ದು ಕಣೇ. ಅವಳ್ಗೆ ಏನು ಬೇಕೋ ಅದೇ ಕೇಳುಸ್ತದೆ."

ದೊಡ್ಡವಳಾದ ಮೇಲೆ ಕಂದಿಕೆರೆಯಿಂದ ಬಸ್ಸಿನಲ್ಲಿ ಚಿಕ್ಕನಾಯಕನಹಳ್ಳಿ, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ತಿಪಟೂರು ಎಂದು ದಿನವೂ ಓಡಾಡಿ ಬಿ.ಎಸ್ಸಿ. ಮುಗಿಸಿದಳು. ಮುಂದೆ ನಾನೂ ಓದಿದ ಅಲ್ಲಿನ ಕಾಲೇಜಿನ ಭೌತಶಾಸ್ತ್ರದ ಮೇಷ್ಟ್ರು ಸದಾಶಿವಯ್ಯನವರು ಅವಳನ್ನು ಎಂ.ಎಸ್ಸಿ.ಗೆ ತಳ್ಳಿದರು. ತಳ್ಳಿದರು ಎಂಬುದು ಅವರದೇ ಮಾತು. ಅದಾದ ಮೇಲೆ ಅವಳನ್ನು ಯಾರೂ ತಳ್ಳಬೇಕಾಗಲಿಲ್ಲ. ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ಸಂಶೋಧನೆಗೆ ಸೇರಿದಳು. ಸೀರಿಯಂ ಎಂಬ ಲೋಹವನ್ನು ಬೇರೆ ಲೋಹಗಳ ಜೊತೆ ಬೆರೆಸಿ, ಸಾಸಿವೆಗಿಂತ ತುಸು ದೊಡ್ಡ ಹರಳು ಬೆಳೆಸಿ, ಅದನ್ನು ಭಾರಿ ಒತ್ತಡದಲ್ಲಿ ಹಿಂಡಿ, ಅದರೊಳಗೆ ವಿದ್ಯುತ್ತು ಹೇಗೆ ಹರಿಯುತ್ತದೆಂದು ಅಳೆಯುವುದು ಅವಳ ಕೆಲಸ.

ರಜೆಗೆ ಬಂದಾಗ ಇದನ್ನು ಜುಂಜಯ್ಯನಿಗೆ ವಿವರಿಸಲು ಅವಳು ಪಟ್ಟ ಪಾಡು ಹಟ್ಟಿಯವರಿಗೆಲ್ಲ ಬಾಯಿಪಾಠ.

"ಅಪ್ಪ, ಒಬ್ಬ ಮನುಷ್ಯ ಕುರಿಮಂದೆ ನಡುವೆ ನಡ್ಕೊಂಡು ಹೋಗ್ತಾವ್ನೆ ಅನ್ಕೋ. ಅವ್ನೇ ಎಲೆಕ್ಟ್ರಾನು. ಬಿಸಿ ಇದ್ದಾಗ ಒಂದೊಂದು ಕುರಿನೂ ಒಂದೊಂದು ದಿಕ್ಕಿಗೆ ಎಗರಾಡ್ತವೆ. ಅವ್ನು ಹೆಜ್ಜೆಗೊಂದು ಕುರಿಗೆ ಡಿಕ್ಕಿ ಹೊಡ್ಕೊಂಡು ಚದುರಿ ಹೋಗ್ತಾನೆ."

"ಬಿಸ್ಲಿಗೆ ಕುರಿ ಎಗರಾಡ್ತವಾ? ಒಂದರ ಹೊಟ್ಟೆ ಕೆಳಗೆ ಒಂದು ತಲೆ ಇಕ್ಕೊಂಡು ನಿಂತ್ಬುಡ್ತವೆ. ಯಾವಳೇ ನಿಂಗೆ ಹೇಳ್ಕೊಟ್ಟೋಳು?"

"ಇವು ಬೇರೆ ಕುರಿ ಬುಡಪ್ಪ. ತಣ್ಣಗಾದಾಗ ಇವೆಲ್ಲಾ ಒಂದಾಗ್ತವೆ. ಆಗ ನಡುವೆ ಇರೋನು ಒಬ್ಬನೇ ನಡೆಯಂಗಿಲ್ಲ, ಇಡೀ ಮಂದೆನೇ ಎಳ್ಕೊಂಡು ನಡೀಬೇಕು. ಅದ್ಕೇ ಅವ್ನು ಭಾರ ಆಗ್ಬುಡ್ತಾನೆ, ನೂರಾರು ಪಟ್ಟು."

"ಅಂಗಾದ್ರೆ ಕುರಿ ಕಾಯೋನೇ ಅಂದಂಗಾಯ್ತು," ಎಂದು ಜುಂಜಯ್ಯ ಬೀಡಿ ಹಚ್ಚಿದ. "ಆಮೇಲೆ?"

"ಆಮೇಲೆ ಆ ಹರಳನ್ನ ಅಮುಕ್ತೀವಿ. ಒಂದು ಹದಕ್ಕೆ ಬಂದಾಗ ಆ ಭಾರದೋರೇ ಇಬ್ಬಿಬ್ರು ಜೋಡಿ ಆಗಿ, ಯಾವುದಕ್ಕೂ ತಾಕದಂಗೆ ನಡೀತಾರೆ. ತಡೆಯೇ ಇರಲ್ಲ. ಪೂರ್ತಿ ಸೊನ್ನೆ."

ಅವಳು ಹೇಳದೆ ಬಿಟ್ಟ ಒಂದು ಮಾತಿದೆ. ಹೀಗೆ ತಡೆಯಿಲ್ಲದೆ ವಿದ್ಯುತ್ತು ಹರಿಸುವ ಸಾಮಾನ್ಯ ಅತಿವಾಹಕಗಳಲ್ಲಿ ಎಲೆಕ್ಟ್ರಾನುಗಳನ್ನು ಜೋಡಿ ಮಾಡುವುದು ಹರಳಿನ ಪರಮಾಣುಗಳ ನಡುಕ. ಇಂಥ ಹರಳುಗಳಲ್ಲಿ ಆ ಕೆಲಸವನ್ನು ಮಾಡುವುದು ಸೀರಿಯಂ ಪರಮಾಣುಗಳ ಕಾಂತಗುಣ, ಅವಳು ಕುರಿಗಳೆಂದು ಕರೆದದ್ದೇ, ಎಂದು ಬಲ್ಲವರು ನಂಬುತ್ತಾರೆ. ಮೊದಲು ಡಿಕ್ಕಿ ಹೊಡೆದು ಚದುರಿಸಿದ್ದು ಯಾವುದೋ, ಒತ್ತಡದಲ್ಲಿ ಸೋಲುವ ಅಂಚಿಗೆ ಬಂದಾಗ ಜೋಡಿ ಕಟ್ಟುವುದೂ ಅದೇ. ಆದರೆ ಈ ಜೋಡಿಗಳು ಬಲು ನಾಜೂಕು. ಹರಳಿನಲ್ಲಿ ಚೂರು ಕಸವಿದ್ದರೂ ಅದಕ್ಕೆ ತಾಗಿ ಚದುರಿ ಮುರಿದುಬೀಳುತ್ತವೆ.

ಅವಳ ಮಿಶ್ರಣದ ಹರಳಿನಲ್ಲಿ ಅಲ್ಲಿಯವರೆಗೆ ಯಾರೂ ಆ ಸೊನ್ನೆಯನ್ನು ಕಂಡಿರಲಿಲ್ಲ. ಅವಳಿಗೆ ಕಂಡಿತು.

ಅದು ಬೇಸಿಗೆಯ ಮೊದಲು. ಕಡಲಿನ ಅತಿ ಆಳದ ತಳದಲ್ಲಿ ಇರುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿನ ಒತ್ತಡದಲ್ಲಿ, ದ್ರವ ಹೀಲಿಯಂನ ಚಳಿಯಲ್ಲಿ, ಪರದೆಯ ಮೇಲೆ ತಡೆ ತೋರಿಸುವ ಗೆರೆ ದಿಢೀರನೆ ನೆಲಕ್ಕೆ ಬಿತ್ತು. ಅವಳು ಮನೆಗೆ ಫೋನು ಮಾಡಿ, "ಅವ್ವಾ, ಸೊನ್ನೆ ಬಂತು," ಎಂದಳು. ತೆಂಗಿನಕಾಯಿ ಸಾಗಿಸುವ ಗಾಡಿ ಓಡಿಸುವ ತಮ್ಮ ಜುಂಜೇಶ್ ಪಕ್ಕದಿಂದ, "ಇಷ್ಟು ವರ್ಷ ಓದಿ ಸೊನ್ನೆ ತಗೊಂಡ್ಳಾ? ಅದ್ನ ನಾನು ಹತ್ತನೇ ಕ್ಲಾಸಲ್ಲೇ ತಗೊಂಡಿದ್ದೆ ಕಣವ್ವ," ಅಂದನಂತೆ. ಕಾಳಕ್ಕ ನಕ್ಕಳು, ಅತ್ತಳು, ಹಟ್ಟಿಗೆಲ್ಲ ಹೇಳಿದಳು. ಜುಂಜೇಶ್ ಹೇಳಿ ಚಿಕ್ಕನಾಯಕನಹಳ್ಳಿಗೆ ಗೊತ್ತಾಯಿತು. ಸದಾಶಿವಯ್ಯನವರ ಮೂಲಕ ತಿಪಟೂರಿಗೆ ಮುಟ್ಟಿತು. ಕಾಲೇಜು ಸನ್ಮಾನ ಇಟ್ಟುಕೊಂಡಿತು. ಗೇಟಿಗೆ ಫ್ಲೆಕ್ಸ್ ಬಂತು: 'ಹಟ್ಟಿಯಿಂದ ಅತಿವಾಹಕದವರೆಗೆ'. ಪಕ್ಕದಲ್ಲಿ ಅವಳ ಹಾಲ್‌ಟಿಕೆಟ್ಟಿನ ಫೋಟೊ, ದೊಡ್ಡದು ಮಾಡಿದ್ದು.

ಸನ್ಮಾನದ ಹಿಂದಿನ ದಿನ ಮಧ್ಯಾಹ್ನ ಅವಳು ತಾಯಿಯ ಜೊತೆ ಅಟ್ಟಕ್ಕೆ ಹೋದಳು. ರೂಢಿಯಂತೆ ಬೆನ್ನು ಮಾಡಿ ಕೂತಳು. ಕಾಳಕ್ಕ ಒಂದೊಂದೇ ಕಾಯಿ ಅಲ್ಲಾಡಿಸತೊಡಗಿದಳು.

"ಆಯ್ತು."

ಇನ್ನೊಂದು.

"ಆಯ್ತು."

ಮತ್ತೊಂದು.

"ಇಲ್ಲ ಅವ್ವ."

"ನಂಗೆ ಕೇಳುಸ್ತಲ್ಲೇ. ಕಾಯಿನೂ ಎಂಗೆ ಒಣಗ್ಯದೆ ನೋಡು ತಿರುಗಿ."

"ತಿರುಗಿ ನೋಡಂಗಿಲ್ಲ. ನೀನು ಅಲ್ಲಾಡ್ಸೋಳು."

ಕಾಳಕ್ಕ ಮುಂದಿನ ಕಾಯಿ ಅಲ್ಲಾಡಿಸಿದಳು. ಉತ್ತರ ಬರಲಿಲ್ಲ. ಮತ್ತೆ ಅಲ್ಲಾಡಿಸಿದಳು.

"ಏನಾಯ್ತೇ, ನಿದ್ದೆ ಬಂತಾ?"

"ಅವ್ವ, ನನ್ನ ಸೊನ್ನೆಗೆ ಬೆನ್ನು ಮಾಡಿ ಕೂತೋರು ಯಾರೂ ಇರ್ಲಿಲ್ಲ."

ಹರಳಿಗೆ ಕೂದಲಿಗಿಂತ ಸಣ್ಣ ಚಿನ್ನದ ತಂತಿಗಳನ್ನು ಅಂಟಿಸಿದ್ದು ಅವಳೇ. ಒತ್ತಡ ಏರಿಸಿದ್ದು ಅವಳು, ಅಳೆದದ್ದು ಅವಳು, 'ಆಯ್ತು' ಅಂದದ್ದೂ ಅವಳೇ. ವೋಲ್ಟೇಜು ಅಳೆಯುವ ಎರಡು ತಂತಿಗಳು ಒತ್ತಡದಲ್ಲಿ ಜರುಗಿ ಒಂದಕ್ಕೊಂದು ತಾಕಿದರೂ ಸೊನ್ನೆಯೇ ಬರುತ್ತದೆ. ಆ ಸೊನ್ನೆಗೂ ನಿಜದ ಸೊನ್ನೆಗೂ ಪರದೆಯ ಮೇಲೆ ಮೇಲ್ನೋಟಕ್ಕೆ ವ್ಯತ್ಯಾಸ ಕಾಣುವುದಿಲ್ಲ. ನಿಜದ ಸೊನ್ನೆಯಾಗಿದ್ದರೆ ಮತ್ತೆ ಬಿಸಿ ಏರಿಸಿದಾಗ ಗೆರೆ ಬಿದ್ದ ಜಾಗದಲ್ಲೇ, ಅದೇ ಉಷ್ಣತೆಯಲ್ಲೇ, ಏಳಬೇಕಿತ್ತು. ಅದು ತುಸು ತಡವಾಗಿ ಎದ್ದಿತ್ತು. ಅವಳು ಅದನ್ನು ನೋಡಿದ್ದಳು. ಉಷ್ಣಮಾಪಕದ ಸೋಮಾರಿತನ ಇರಬೇಕು ಎಂದು ಪಕ್ಕಕ್ಕಿಟ್ಟಿದ್ದಳು. ಕಾಂತಕ್ಷೇತ್ರ ಹಾಕಿ ಪರೀಕ್ಷಿಸುವ ಮೊದಲೇ ಹೀಲಿಯಂ ಮುಗಿದಿತ್ತು. ಮತ್ತೆ ತುಂಬಿಸುವವರೆಗೆ ಅವಳ ಸಂತೋಷ ಕಾಯಲಿಲ್ಲ.

ಕೆಳಗಿಳಿದು, ಹುಣಸೆ ಮರದ ಹತ್ತಿರ ಸಿಗ್ನಲ್ ಸಿಗುವ ಕಡೆ ನಿಂತು, ಅವಳು ತನ್ನ ಮಾರ್ಗದರ್ಶಕರಿಗೆ ಫೋನು ಮಾಡಿದಳು.

"ಸರ್, ಸಮ್ಮೇಳನಕ್ಕೆ ಅದನ್ನ ಕಳಿಸ್ಬೇಡಿ."

"ಕಳಿಸಿ ಆಯ್ತಲ್ಲಮ್ಮ."

"ವಾಪಸ್ ತಗೊಳ್ಳಿ ಸರ್. ನಾನು ಒತ್ತಡದ ಕೋಶ ಬಿಚ್ಚಿ ತಂತಿ ನೋಡ್ಬೇಕು."

"ಸರಿ. ನೋಡಿ ಹೇಳು," ಎಂದರು ಅವರು.

ಉಳಿದದ್ದು ಸನ್ಮಾನ. ಬರುವುದಿಲ್ಲ ಎಂದು ಸದಾಶಿವಯ್ಯನವರಿಗೆ ಹೇಳಬಹುದಿತ್ತು. ಜ್ವರ ಎನ್ನಬಹುದಿತ್ತು. ಜುಂಜೇಶ್ ಆಗಲೇ ಗಾಡಿ ತೊಳೆದು, ಬಾಳೆಕಂದು ಕಟ್ಟಿ, ಹಟ್ಟಿಯವರನ್ನು ಕರೆದೊಯ್ಯಲು ಚಾಪೆ ಹಾಸಿದ್ದ.

ಮಾರನೆಯ ದಿನ ಕಾಲೇಜಿನ ಸಭಾಂಗಣದಲ್ಲಿ ನಾನೂ ಇದ್ದೆ, ಹಿಂದಿನ ಸಾಲಿನಲ್ಲಿ. ಆಗ ನಾನು ಎರಡನೇ ವರ್ಷದ ಬಿ.ಎಸ್ಸಿ. ಹಟ್ಟಿಯವರು ಮುಂದಿನ ಎರಡು ಸಾಲು ತುಂಬಿದ್ದರು. ಕಾಳಕ್ಕ ಹೊಸ ಸೀರೆಯ ಸೆರಗನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತಿದ್ದಳು. ಮುಖ್ಯ ಅತಿಥಿ ಮಲ್ಲಿಕಾರ್ಜುನಯ್ಯನವರು ಮಾರುಕಟ್ಟೆಯ ಹಳೆಯ ಕೊಬ್ಬರಿ ವ್ಯಾಪಾರಿ. ಶಾಲು ಬಿಡಿಸಿಕೊಂಡು ಎದ್ದು ನಿಂತರು. ಶಶಿರೇಖಾ ಕೈಮುಗಿದು, ತಡೆದು, ಮೈಕಿನ ಹತ್ತಿರ ಬಂದಳು. ನಿಧಾನವಾಗಿ ಮಾತಾಡಿದಳು.

"ಕ್ಷಮಿಸಬೇಕು. ಈ ಶಾಲು ನಾನು ಹೊದ್ದುಕೊಳ್ಳುವ ಹಾಗಿಲ್ಲ. ನಾನು ಹೇಳಿದ ಸೊನ್ನೆ ನಿಜವೋ ಅಲ್ಲವೋ ನನಗೆ ಗೊತ್ತಿಲ್ಲ. ತಂತಿ ತಾಕಿದ್ದರೂ ಹಾಗೇ ಕಾಣುತ್ತದೆ. ಅಲ್ಲಾಡಿಸಿದವಳೂ ನಾನೇ, ಆಯ್ತು ಅಂದವಳೂ ನಾನೇ. ನೀವೆಲ್ಲ ಕೊಬ್ಬರಿ ಸೀಮೆಯವರು. ನಿಮಗೆ ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ."

ಸದಾಶಿವಯ್ಯನವರು ಕನ್ನಡಕ ತೆಗೆದು ಒರೆಸಿದರು. ಮಲ್ಲಿಕಾರ್ಜುನಯ್ಯನವರು ಕೈಯಲ್ಲಿದ್ದ ಶಾಲನ್ನೊಮ್ಮೆ, ಅವಳನ್ನೊಮ್ಮೆ ನೋಡಿದರು. ಆಮೇಲೆ ಅಂಗಡಿಯಲ್ಲಿ ಬಟ್ಟೆ ಮಡಿಸುವವರ ಹಾಗೆ ಅಂಚಿಗೆ ಅಂಚು ಸೇರಿಸಿ ಮಡಿಸತೊಡಗಿದರು.

"ಆಯ್ತು ಕಣಮ್ಮ. ನನ್ನ ಅಂಗ್ಡೀಗೆ ಬರೋರೆಲ್ಲಾ ಹಸಿ ಉಂಡೇನೂ ಒಣ ಉಂಡೆ ಅಂತ್ಲೇ ತರ್ತಾರೆ. ಹಸಿ ಅದೆ, ವಾಪಸ್ ಒಯ್ತೀನಿ ಅಂದೋರ್ನ ಇವತ್ತೇ ನೋಡಿದ್ದು. ಶಾಲು ಎಲ್ಲೂ ಹೋಗಲ್ಲ. ಸದಾಶಿವಯ್ಯ, ಇದು ನಿಮ್ಮ ಅಟ್ಟದಾಗಿರ್ಲಿ."

ಎಲ್ಲರೂ ನಕ್ಕರು. ನಗುವಿನ ನಡುವೆ ಹಿಂದಿನ ಸಾಲಿನಿಂದ ಯಾರೋ ಚಪ್ಪಾಳೆ ತಟ್ಟಿದರು, ಆಮೇಲೆ ಇಡೀ ಸಭೆ. ಮುಂದಿನ ಎರಡು ಸಾಲುಗಳಲ್ಲಿ ಮಾತ್ರ ಯಾರೂ ಕೈ ಎತ್ತಲಿಲ್ಲ. ಅವರು ಅವಳನ್ನು ಶಾಲಿನಲ್ಲಿ ನೋಡಲು ಬಂದವರು.

ವಾಪಸು ಬರುವಾಗ ಗಾಡಿಯಲ್ಲಿ ಜುಂಜೇಶನ ಸಿಟ್ಟು ಕೇಳಬೇಕಿತ್ತು.

"ನಾಕು ಜನದ ಮುಂದೆ ಮಾನ ಕಳೆದಲ್ಲಕ್ಕ. ಮೈಕಿಗೆ ಹೇಳೋ ಬದ್ಲು ಮನೇಲಿ ಹೇಳಿದ್ರೆ ಬಾಳೆಕಂದಾದ್ರೂ ಉಳೀತಿತ್ತು."

"ಉಳಿದಿದ್ರೆ ಏನ್ಲಾ ಮಾಡ್ತಿದ್ದೆ?" ಎಂದ ಜುಂಜಯ್ಯ. "ಕುರಿ ಎಣಿಸಿ ಒಂದು ಕಮ್ಮಿ ಬಂದ್ರೆ ಕಮ್ಮಿ ಅನ್ಬೇಕು. ಸುಳ್ಳು ಕುರಿ ಹುಲ್ಲು ತಿನ್ನಾಕಿಲ್ಲ. ಸುಮ್ಕೆ ಗಾಡಿ ಓಡ್ಸು."

ಹಟ್ಟಿ ಬಂದ ಮೇಲೆ ಕಾಳಕ್ಕ ಮಗಳನ್ನು ಪಕ್ಕಕ್ಕೆ ಕರೆದು ಕೇಳಿದಳು. "ನಿಜ ಆದ್ಮೇಲೆ ಹೇಳ್ಬೋದಾ?"

"ನಿಜ ಆದ್ರೆ ನಿಂಗೇ ಮೊದ್ಲು ಹೇಳ್ತೀನಿ. ಆಮೇಲೆ ನೀನು ಯಾರಿಗಾದ್ರೂ ಹೇಳು."

"ಅಲ್ಲೀಗಂಟ?"

"ಅಲ್ಲೀಗಂಟ ಬಾಯಿ ಬಿಗಿ ಹಿಡಿ ಅವ್ವ."

ಬೆಂಗಳೂರಿಗೆ ಹೋಗಿ ಒತ್ತಡದ ಕೋಶವನ್ನು ಬಿಚ್ಚಿ, ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದಳು. ಎರಡು ಚಿನ್ನದ ತಂತಿಗಳು ಒಂದರ ಮೇಲೊಂದು ಒರಗಿಕೊಂಡಿದ್ದವು. ಸೊನ್ನೆ ಸುಳ್ಳಾಗಿತ್ತು.

ಅಲ್ಲಿಗೆ ಕತೆ ಮುಗಿಯಬಹುದಿತ್ತು. ಅವಳು ಆ ಹರಳನ್ನೇ ಹಿಡಿದು ಕೂತಳು. ಒತ್ತಡವಿಲ್ಲದೆ, ತಂತಿ ಸರಿಮಾಡಿ, ಅತಿ ಚಳಿಯಲ್ಲಿ ಅದರ ತಡೆ ಎಷ್ಟು ಉಳಿಯುತ್ತದೆಂದು ಅಳೆದಳು. ಬಹಳ ಉಳಿಯುತ್ತಿತ್ತು. ಅಂದರೆ ಒಳಗೆ ಕಸವಿದೆ, ಎಲೆಕ್ಟ್ರಾನುಗಳು ಅದಕ್ಕೆ ತಾಗಿ ಚದುರುತ್ತಿವೆ. ಅಷ್ಟು ನಾಜೂಕಿನ ಜೋಡಿ ಇಂಥ ಹರಳಿನಲ್ಲಿ ಉಳಿಯುವುದಾದರೂ ಹೇಗೆ? ಬೇರೆಯವರಿಗೂ ಈ ಮಿಶ್ರಣದಲ್ಲಿ ಏನೂ ಕಾಣದೇ ಹೋದದ್ದು ಇದಕ್ಕೇ ಇರಬಹುದಲ್ಲ? ಅಲ್ಲಿ ಇಲ್ಲದೆ ಹೋದದ್ದು ಸೊನ್ನೆಯಲ್ಲ, ಶುದ್ಧವಾದ ಹರಳು ಎಂದು ಅವಳಿಗೆ ಅನ್ನಿಸತೊಡಗಿತು.

ಮತ್ತೆ ಹರಳು ಬೆಳೆಸಲು ಕೂತಳು. ಇನ್ನೂ ಶುದ್ಧವಾದ ಲೋಹಗಳನ್ನು ಗಾಜಿನ ಕೊಳವೆಯಲ್ಲಿ ಮುಚ್ಚಿ, ಕುಲುಮೆಯಲ್ಲಿ ಕರಗಿಸಿ, ಮೊದಲು ಮಾಡಿದ್ದಕ್ಕಿಂತ ಎಷ್ಟೋ ನಿಧಾನವಾಗಿ ಆರಿಸಿದಳು. ಕೆಲವು ಕೊಳವೆಗಳು ಒಡೆದವು. ಕೆಲವು ಹರಳುಗಳು ಕೈಗೆ ಬಂದಾಗ ನೋಡಲು ಚೆಂದವಿದ್ದು, ಅಳೆದಾಗ ಕಸವಾಗಿದ್ದವು. ಆ ತಿಂಗಳುಗಳಲ್ಲಿ ಮನೆಗೆ ಫೋನು ಮಾಡಿದಾಗ ಕಾಳಕ್ಕ ಊಟ, ಕುರಿ, ಅಟ್ಟದ ಸುದ್ದಿ ಕೇಳುತ್ತಿದ್ದಳು, ಹೇಳುತ್ತಿದ್ದಳು. ಅದೊಂದನ್ನು ಮಾತ್ರ ಕೇಳುತ್ತಿರಲಿಲ್ಲ. ನೀರಿನ ಟ್ಯಾಂಕಿನ ಹತ್ತಿರ ಹೆಂಗಸರು, "ಏನ್ ಕಾಳಕ್ಕ, ನಿನ್ನ ಮಗಳ ಸೊನ್ನೆ ಉರುಳ್ಕೊಂಡು ಎಲ್ಲೀಗಂಟ ಬಂತು?" ಎಂದು ಕೆಣಕಿದರೆ, ಬಿಂದಿಗೆ ಸೊಂಟಕ್ಕೇರಿಸಿ, "ಮಂದೆ ಜೊತೆ ಬತ್ತದೆ ತಡಿ, ಭಾರ ಅಂತೆ," ಎಂದು ಹೊರಟುಬಿಡುತ್ತಿದ್ದಳು.

ಶಶಿರೇಖಾ ಈ ಸಲ ಪುಟ್ಟಗಂಗಮ್ಮನವರ ಕಟ್ಟಳೆಯನ್ನು ಪ್ರಯೋಗಾಲಯಕ್ಕೆ ತಂದಳು. ಶುದ್ಧ ಹರಳುಗಳನ್ನೂ, ಬೇಕೆಂದೇ ಉಳಿಸಿಕೊಂಡ ಕಸದ ಹರಳುಗಳನ್ನೂ ಗುರುತಿಲ್ಲದ ಡಬ್ಬಿಗಳಲ್ಲಿ ಹಾಕಿ, ಕಿರಿಯ ಸಂಶೋಧಕಿ ಪವಿತ್ರಾಳಿಗೆ ಕೊಟ್ಟಳು. ಯಾವುದು ಯಾವುದೆಂದು ಮಾರ್ಗದರ್ಶಕರಿಗೆ ಮಾತ್ರ ಹೇಳಿದ್ದಳು. ತಂತಿ ಅಂಟಿಸುವುದು, ಒತ್ತಡ ಏರಿಸುವುದು, ಅಳೆಯುವುದು, ತೀರ್ಪು ಹೇಳುವುದು ಎಲ್ಲ ಪವಿತ್ರಾಳ ಪಾಲಿಗೆ.

"ಅಕ್ಕ, ಒಂದು ಸಲ ಪರದೆ ನೋಡಿ ಹೋಗಿ," ಎಂದಳಂತೆ ಪವಿತ್ರಾ, ಮೊದಲ ದಿನ.

"ಇಲ್ಲ. ನಾನು ಊರಿಗೆ ಹೋಗ್ತೀನಿ. ಇಲ್ಲಿದ್ರೆ ತಿರುಗಿ ನೋಡ್ತೀನಿ."

ಹಾಗೆ ಅವಳು ಕಂದಿಕೆರೆಗೆ ಬಂದಳು. ಅಟ್ಟದಲ್ಲಿ ಕಾಯಿ ಇಳಿಸುವ ಕಾಲ. ಅವಳು ತನ್ನ ಜಾಗದಲ್ಲಿ ಬೆನ್ನು ಮಾಡಿ ಕೂತಿದ್ದಳು. ಕೆಳಗೆ ಅಂಗಳದಲ್ಲಿ ಪುಟ್ಟಗಂಗಮ್ಮ ಬಿಸಿಲಿಗೆ ಕಾಲು ಚಾಚಿದ್ದರು. ಅವರಿಗೀಗ ಕಿವಿ ಮಂದ. ತಮ್ಮ ಮನೆಯ ಕಾಯಿಯ ಸದ್ದು ಅವರಿಗೇ ಕೇಳುವುದಿಲ್ಲ. ಯಾರಾದರೂ ಅದನ್ನು ಹೇಳಿದರೆ, "ಅದ್ಕೇ ತಾನೇ ಬೇರೆಯೋರ ಕಿವಿ ಸಾಕಿರೋದು," ಅನ್ನುತ್ತಾರೆ.

ಸಂಜೆ ಬಿಸಿಲು ಕಿಂಡಿಯಿಂದ ಒಳಗೆ ಬರುವ ಹೊತ್ತಿಗೆ ಫೋನು ಬಂತು. ಅಟ್ಟದ ಕಿಂಡಿಯ ಹತ್ತಿರ ಒಂದೇ ಗೆರೆ ಸಿಗ್ನಲ್. ಅವಳು ತಲೆಯನ್ನು ಹೊರಗೆ ಚಾಚಿ ಮಾತಾಡಿದಳು. ಕಾಳಕ್ಕನ ಕೈಯಲ್ಲಿದ್ದ ಕಾಯಿ ಹಾಗೇ ನಿಂತಿತು.

"ಹೇಳು ಪವಿತ್ರಾ."

"ಅಕ್ಕ, ಕೆಲವು ಹರಳು ಸೊನ್ನೆಗೆ ಬಿದ್ವು. ಕೆಲವು ಬೀಳ್ಲೇ ಇಲ್ಲ, ಎಷ್ಟು ಒತ್ತಿದ್ರೂ."

"ಬಿಸಿ ಮಾಡಿದಾಗ?"

"ಬಿದ್ದ ಜಾಗದಲ್ಲೇ ಎದ್ವು."

"ಕಾಂತಕ್ಷೇತ್ರ ಹಾಕಿದ್ಯಾ?"

"ಹಾಕ್ದೆ. ಜಾಸ್ತಿ ಮಾಡ್ದಂಗೆಲ್ಲಾ ಇನ್ನೂ ಚಳಿಗೆ ಹೋಗಿ ಬೀಳ್ತಾವೆ. ತಂತಿ ತಾಕಿದ್ರೆ ಹಂಗೆ ಜರುಗಲ್ಲ ಅಲ್ವಾ ಅಕ್ಕ?"

"ಒತ್ತಡ ಇಳಿಸಿದ ಮೇಲೆ?"

"ಹೋಗ್ಬಿಡ್ತು. ಮತ್ತೆ ಏರಿಸ್ದೆ. ಮತ್ತೆ ಬಂತು." ಪವಿತ್ರಾ ಉಸಿರು ತಗೊಂಡಳು. "ಸರ್ ಈಗ ಡಬ್ಬಿಗಳ ಗುಟ್ಟು ಹೇಳಿದ್ರು. ಬಿದ್ದಿರೋವೆಲ್ಲಾ ಶುದ್ಧದ್ದೇ. ಬೀಳದೇ ಇರೋವೆಲ್ಲಾ ಕಸದ್ದೇ. ಒಂದೂ ಅದಲು ಬದಲಾಗಿಲ್ಲ ಅಕ್ಕ. ಆಯ್ತು."

ಶಶಿರೇಖಾ ಫೋನನ್ನು ಎದೆಗೆ ಒತ್ತಿಕೊಂಡು ಸ್ವಲ್ಪ ಹೊತ್ತು ಕಿಂಡಿಯ ಹೊರಗೇ ನೋಡುತ್ತ ನಿಂತಳು. ತೋಟದ ಮೇಲೆ ಬಿಸಿಲು ಬಾಗಿತ್ತು. ಸುಳ್ಳು ಸೊನ್ನೆ ಕೊಟ್ಟಿದ್ದ ಆ ಹಳೆಯ ಹರಳನ್ನು ಎಷ್ಟು ಹಿಂಡಿದ್ದರೂ ಅದು ಯಾವತ್ತೂ ನಿಜ ಹೇಳುತ್ತಿರಲಿಲ್ಲ. ಅದೂ ಕಸದ್ದೇ. ಅದನ್ನೇ ನಂಬಿ ಶಾಲು ಹೊದ್ದಿದ್ದರೆ ಈ ಶುದ್ಧ ಹರಳುಗಳು ಹುಟ್ಟುತ್ತಲೇ ಇರಲಿಲ್ಲ. ಹಿಂದಿನಿಂದ ತಾಯಿಯ ದನಿ ಬಂತು. ಅಷ್ಟು ತಿಂಗಳು ಬಿಗಿ ಹಿಡಿದಿದ್ದ ದನಿ.

"ಅವತ್ತು ನೀನು ಇಲ್ಲ ಅಂದ ಕಾಯಿ ಯಾವತ್ತೋ ಕೊಬ್ಬರಿಯಾಗಿ ತಿಪಟೂರಿಗೆ ಹೋಯ್ತು ಕಣೇ. ಇದೇನಾಯ್ತು ಹೇಳು."

"ಆಯ್ತಂತೆ ಅವ್ವ."

"ನಿಂಗೆ ಕೇಳುಸ್ತಾ, ಅವಳ್ಗೆ ಕೇಳುಸ್ತಾ?"

"ಅವಳ್ಗೆ. ಈ ಸಲ ಬೆನ್ನು ಮಾಡ್ದೋಳು ನಾನಲ್ಲ. ಗುಟ್ಟು ಗೊತ್ತಿಲ್ದೋಳು ಅವಳು. ಅವಳೇ ಆಯ್ತು ಅಂದ್ಳು."

"ಅಂಗಾದ್ರೆ ಹೇಳ್ಬೋದಾ?"

"ಹೇಳವ್ವ."

ಕಾಳಕ್ಕ ಕೈಯಲ್ಲಿದ್ದ ಕಾಯಿಯನ್ನು ಗುಡ್ಡೆಯ ಮೇಲಿಟ್ಟು, ಸೆರಗು ಸಿಕ್ಕಿಸಿ, ಏಣಿ ಇಳಿದಳು. ಅಂಗಳದಲ್ಲಿ ಪುಟ್ಟಗಂಗಮ್ಮನ ಮುಂದೆ ಕೂತು ಮೆಲ್ಲಗೆ ಹೇಳಿದಳು. ಅವರು ಕಿವಿಗೆ ಕೈ ಹಿಡಿದು, "ಆಂ?" ಅಂದರು. ಇನ್ನೊಮ್ಮೆ ಹೇಳಿದಳು. ಮತ್ತೆ "ಆಂ?" ಆಗ ಕಾಳಕ್ಕ ಎದ್ದು ನಿಂತು, ಮಂದೆಯನ್ನು ಆಚೆ ತೋಟದಿಂದ ಕರೆಯುವಾಗಿನ ದನಿಯಲ್ಲಿ ಕೂಗಿದಳು.

"ಅಮ್ಮೋರೇ, ನನ್ನ ಮಗಳ ಸೊನ್ನೆ ನಿಜ ಆಯ್ತು!"

ರಸ್ತೆಯಲ್ಲಿ ಹೋಗುತ್ತಿದ್ದವರು ನಿಂತರು. ನೀರಿನ ಟ್ಯಾಂಕಿನ ಹತ್ತಿರದ ಹೆಂಗಸರು ತಿರುಗಿ ನೋಡಿದರು. ಜುಂಜೇಶ್ ಗಾಡಿ ನಿಲ್ಲಿಸಿ, "ಬಾಳೆಕಂದು ತರ್ಲಾ ಅಕ್ಕ?" ಎಂದು ಕೆಳಗಿನಿಂದಲೇ ಕಿರುಚಿದ. ಪುಟ್ಟಗಂಗಮ್ಮ ನಗುತ್ತಿದ್ದರು. ತಮಗೆ ಮೊದಲ ಸಲವೇ ಕೇಳಿಸಿತ್ತು ಎಂದು ಆಮೇಲೆ ಒಪ್ಪಿಕೊಂಡರು.